ಸೀದ ಅನ್ನ, ಬೆಂದ ಗೆಣಸು

ಹೋದ ಶನಿವಾರ ಬೆಳಿಗ್ಗೆ ನಮ್ಮ ಮನೆಯ ಇಸ್ತ್ರಿ ಪೆಟ್ಟಿಗೆಯಿಂದ ಬೆಂದ ಗೆಣಸಿನ ವಾಸನೆ ಬಂತು. ನೀವು ನಗಬಹುದು. ನಾನು ಮಾತ್ರ ಹುರುಳಿಕಾಯಿ ಹೆಚ್ಚುತ್ತಿದ್ದ ಚಾಕುವನ್ನು ಹಾಗೇ ಬಿಟ್ಟು ಹಾಲಿಗೆ ಓಡಿದೆ.

ಮಗಳು ಅನು ಅವರಪ್ಪನ ಶರ್ಟುಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಇವರು ಹೋಗಿ ಏಳು ತಿಂಗಳಾಯಿತು. "ಅಮ್ಮಾ, ಸಮ್‌ಬಡಿ ಕ್ಯಾನ್ ವೇರ್ ದೀಸ್," ಎಂದು ಅವಳು ಮೂರು ವಾರದಿಂದ ಹೇಳುತ್ತಲೇ ಇದ್ದಳು. ಕೊನೆಗೆ ನಾನು ಹೂಂ ಅಂದಿದ್ದೆ. ಕೊಡುವುದಾದರೆ ಇಸ್ತ್ರಿ ಹಾಕಿಯೇ ಕೊಡಬೇಕು ಅಂತಲೂ ಹೇಳಿದ್ದೆ. ಮುದುರಿದ ಶರ್ಟನ್ನು ಅವರು ಯಾವತ್ತೂ ಹಾಕಿದವರಲ್ಲ. ಅದಕ್ಕೆಂದೇ ಅವಳು ಹರ್ಲಿಂಗ್‌ಹ್ಯಾಮಿನ ತನ್ನ ಫ್ಲಾಟಿನಿಂದ ಬಂದು, ಸ್ಟೋರ್ ರೂಮಿನಿಂದ ನೀರಿನ ಬಾಟಲಿ ತಂದು, ಹಬೆಯ ಇಸ್ತ್ರಿ ಪೆಟ್ಟಿಗೆಗೆ ಸುರಿದುಕೊಂಡು ಶುರು ಮಾಡಿದ್ದಳು.

"ವಾಟ್ ಈಸ್ ದಿಸ್ ಸ್ಮೆಲ್? ಇಟ್ ಸೇಸ್ ಡಿಸ್ಟಿಲ್ಡ್ ವಾಟರ್!" ಎಂದು ಬಾಟಲಿ ಎತ್ತಿ ತೋರಿಸಿದಳು.

ಹೌದು, ಬಾಟಲಿಯ ಮೇಲೆ ಹಾಗೇ ಬರೆದಿತ್ತು, ಇವರದೇ ಗುಂಡಗಿನ ಅಕ್ಷರದಲ್ಲಿ. ನಾನು ಪೆಟ್ಟಿಗೆಯ ಪ್ಲಗ್ ಕಿತ್ತೆ. ಪುಣ್ಯಕ್ಕೆ ಬೆಂಕಿ ಹತ್ತಿರಲಿಲ್ಲ. ಬಾಟಲಿಯಲ್ಲಿದ್ದದ್ದು ನೀರಲ್ಲ. ಅದರಲ್ಲಿ ಇಬ್ಬರು ಇದ್ದರು. ಅದು ಹೇಗೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಇವರಿಗೆ ಇಲ್ಲಿ ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಔಷಧಿ ಫ್ಯಾಕ್ಟರಿಯೊಂದರಲ್ಲಿ ಕೆಲಸ. ಇಂಜೆಕ್ಷನ್ನಿಗೆ ಬೇಕಾದ ನೀರನ್ನು ಬಟ್ಟಿ ಇಳಿಸುವ ವಿಭಾಗ ಅವರದು. ಮೈಸೂರಿನಿಂದ ಮದುವೆಯಾಗಿ ಇಲ್ಲಿಗೆ ಬಂದ ಹೊಸದರಲ್ಲಿ ನನಗೆ ನಾಚಿಕೆಯಾಗುತ್ತಿತ್ತು. ನಮ್ಮ ಕಡೆಯವರಲ್ಲಿ ಒಬ್ಬರ ಗಂಡ ಡಾಕ್ಟರು, ಒಬ್ಬರ ಗಂಡ ಲೆಕ್ಚರರು, ನನ್ನ ಗಂಡ ಮಾತ್ರ ನೀರು ಕಾಯಿಸುವವರು. ಒಂದು ದಿನ ಅವರೇ ನನ್ನನ್ನು ಕರೆದುಕೊಂಡು ಹೋಗಿ ಗಾಜಿನ ಕಿಟಕಿಯ ಈಚೆ ನಿಲ್ಲಿಸಿ ತೋರಿಸಿದರು. ಕುದಿಯುವ ನೀರಿನ ಆವಿ ಮೇಲಕ್ಕೆ ಹೋಗಿ, ತಣ್ಣಗಿನ ಕೊಳವೆಗೆ ತಾಗಿ, ಬೆವರಿನ ಹಾಗೆ ಹನಿಗಟ್ಟಿ, ಒಂದೊಂದೇ ಕೆಳಗೆ ಬೀಳುತ್ತಿತ್ತು. "ನೋಡೇ, ಈ ಹನಿಗೆ ಏನೂ ನೆನಪಿರಬಾರದು. ಯಾವ ಬೋರಿನ ನೀರು, ಯಾವ ಮಣ್ಣು, ಯಾವ ಪೈಪು, ಎಲ್ಲಾ ಮರೀಬೇಕು. ಮರೀದೆ ಇದ್ರೆ ಯಾರದೋ ರಕ್ತಕ್ಕೆ ತೊಂದರೆ," ಅಂದರು. ಅವತ್ತಿನಿಂದ ನಾಚಿಕೆ ಹೋಯಿತು.

ಅವರಿಗೆ ದೇವರು ಕೊಟ್ಟದ್ದು ಮೂಗು. ಮೀಟರು ತಪ್ಪು ತೋರಿಸುವ ಮೊದಲೇ ಅವರ ಮೂಗು ಹೇಳುತ್ತಿತ್ತು. ಮನೆಯಲ್ಲಿ ಆ ಮೂಗಿನ ಕಾಟವನ್ನು ಅನುಭವಿಸಿದವಳು ನಾನು. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ "ಇವತ್ತು ಮೆಂತ್ಯ ಜಾಸ್ತಿ ಹುರಿದಿದ್ದೀಯ" ಅನ್ನುವ ಗಂಡನ ಜೊತೆ ಬದುಕುವುದು ಸುಲಭವಲ್ಲ. ಮದ್ಯದ ಮಾತಂತೂ ದೂರ. ಈರುಳ್ಳಿಯನ್ನೇ ಒಳಗೆ ಬಿಡದ ಮನೆಯಲ್ಲಿ ಬೆಳೆದವರು, ಒಂದು ತೊಟ್ಟೂ ಮುಟ್ಟಿದವರಲ್ಲ.

ಅಂಥವರ ಮನೆಯ ಜಗಲಿಯಲ್ಲಿ ಎರಡು ದೇಶದ ಮದ್ಯಗಳ ಪಂಚಾಯ್ತಿ ನಡೆಯಿತು ಅಂದರೆ ನಂಬುತ್ತೀರಾ?

ಸ್ಪ್ರಿಂಗ್ ವ್ಯಾಲಿಯ ನಮ್ಮ ಕಾಂಪೌಂಡಿನಲ್ಲಿ ಮೂರು ಮನೆ. ನಡುವಿನದು ನಮ್ಮದು. ಎಡಗಡೆ ಹರದಾ ಎಂಬ ಜಪಾನಿನ ಎಂಜಿನಿಯರು. ನೈವಾಷಾ ಕಡೆ ಭೂಮಿಯೊಳಗಿನ ಬಿಸಿ ಆವಿಯಿಂದ ಕರೆಂಟು ತೆಗೆಯುವ ಕೆಲಸ ಅವರದು. ವಾರವೆಲ್ಲ ಅಲ್ಲಿದ್ದು ಶನಿವಾರ ಮನೆಗೆ ಬರುತ್ತಿದ್ದರು. ಬಲಗಡೆ ಕೊರಿಯಾದ ಪಾಕ್. ಹೆಂಗಸರು ಜಡೆಗೆ ಸೇರಿಸಿ ಹೆಣೆದುಕೊಳ್ಳುವ ಕೃತಕ ಕೂದಲಿನ ಫ್ಯಾಕ್ಟರಿಯಲ್ಲಿ ಮ್ಯಾನೇಜರು. ಇಬ್ಬರೂ ಒಂಟಿಯಾಗಿ ಇದ್ದರು. ಇಬ್ಬರಿಗೂ ಗೇಟಿನಲ್ಲಿ ನಗುವಷ್ಟು ಪರಿಚಯ, ಅದಕ್ಕಿಂತ ಹೆಚ್ಚಿಲ್ಲ. ಅವರಿಬ್ಬರ ದೇಶಗಳ ನಡುವೆ ಹಳೆಯ ನೋವಿದೆ ಅಂತ ಆಗ ನನಗೆ ಗೊತ್ತಿರಲಿಲ್ಲ. ನನ್ನ ಕಣ್ಣಿಗೆ ಇಬ್ಬರೂ ಒಂದೇ ಥರ ಕಾಣುತ್ತಿದ್ದರು ಅನ್ನುವುದನ್ನು ಈಗ ಒಪ್ಪಿಕೊಂಡುಬಿಡುತ್ತೇನೆ. ನನ್ನ ತಪ್ಪುಗಳೆಲ್ಲ ಅಲ್ಲಿಂದಲೇ ಶುರುವಾದದ್ದು.

ಒಂದು ಭಾನುವಾರ ಮಧ್ಯಾಹ್ನ ಹರದಾ ಬಂದು ಬಾಗಿ ನಮಸ್ಕರಿಸಿ, ಒಂದು ಬಾಟಲಿ ಡಿಸ್ಟಿಲ್ಡ್ ವಾಟರ್ ಸಿಗುತ್ತದೆಯೇ ಅಂತ ಕೇಳಿದರು. ಬ್ಯಾಟರಿಗೆ ಇರಬೇಕು ಅಂದುಕೊಂಡೆವು. ಅಲ್ಲ, ಅವರ ಊರಿನ ಶೋಚುವಿಗೆ. ಶೋಚು ಅಂದರೆ ಗೆಣಸಿನಿಂದ ಬಟ್ಟಿ ಇಳಿಸಿದ ಮದ್ಯ. ಲೋಟಕ್ಕೆ ಮೊದಲು ಬಿಸಿನೀರು ಹಾಕಿ, ಆಮೇಲೆ ಅದರ ಮೇಲೆ ಶೋಚು ಸುರಿಯುವುದು ಅವರ ಕಡೆಯ ಪದ್ಧತಿ. ನಮ್ಮ ಬೋರ್‌ವೆಲ್ ನೀರಿನ ಉಪ್ಪು ಅದನ್ನು ಕೆಡಿಸುತ್ತಿದೆಯಂತೆ.

"ಬಟ್ಟಿ ನೀರು ಸತ್ತ ನೀರು, ರುಚಿ ಇರಲ್ಲ," ಅಂದರು ಇವರು. ಆದರೂ ಕುತೂಹಲ. ಶೋಚುವಿನ ಬಾಟಲಿ ತರಿಸಿ ಮುಚ್ಚಳ ತೆಗೆದು ಮೂಸಿದರು. ಆಗ ಅವರ ಮುಖ ನೋಡಬೇಕಿತ್ತು. ಕಣ್ಣು ಮುಚ್ಚಿಕೊಂಡು, "ಲೇ, ಇಲ್ಲಿ ಬಾ. ಸಂಕ್ರಾಂತಿ ಗೆಣಸು! ಹಂಡೆಯಲ್ಲಿ ಬೆಂದು ಸಿಪ್ಪೆ ಬಿಟ್ಟಿದೆ ನೋಡು!" ಅಂತ ಕೂಗಿದರು. ನಾನು ಮೂಗು ಮುಚ್ಚಿಕೊಂಡು ಒಳಗೆ ಹೋದೆ.

ಆ ಕೂಗು ಬೇಲಿಯಾಚೆ ಪಾಕ್ ಅವರಿಗೂ ಕೇಳಿತ್ತು. ಮುಂದಿನ ಭಾನುವಾರ ಅವರೂ ಒಂದು ಸಣ್ಣ ಕಪ್ಪು ಜಾಡಿ ಹಿಡಿದುಕೊಂಡು ಬಂದರು. ಗಂಭೀರ ಮನುಷ್ಯ. ಹರದಾ ಕಡೆ ನೋಡದೆ ಇವರಿಗೆ ಮಾತ್ರ ಹೇಳಿದರು: "ಸರ್, ಇದನ್ನೂ ಮೂಸಿ ನೋಡಿ. ಇದು ಸೋಜು. ಅಂಗಡಿಯ ಹಸಿರು ಬಾಟಲಿಯದಲ್ಲ. ಊರಿನ ನಮ್ಮ ಮನೆಯಲ್ಲಿ ಇಳಿಸಿದ್ದು."

ಇವರು ಮೂಸಿದರು. ಈ ಸಲ ಕೂಗಲಿಲ್ಲ. ಇನ್ನೊಮ್ಮೆ ಮೂಸಿ, "ಅಕ್ಕಿ. ತಳ ಸೀದ ಅನ್ನ. ಹಿಂದೆ ಎಲ್ಲೋ ಹೊಸ ಹುಲ್ಲು," ಅಂದರು. ಪಾಕ್ ಕುರ್ಚಿಯ ತುದಿಗೆ ಬಂದು ಕೂತರು. ಸೌದೆ ಒಲೆಯ ನೇರ ಉರಿಯಲ್ಲಿ ಇಳಿಸಿದಾಗ ತಳ ಕೊಂಚ ಹತ್ತುವುದೇ ಅದರ ಗುರುತಂತೆ. ಹುದುಗಿಸಲು ಹಾಕುವ ಗೋಧಿಯ ಬಿಲ್ಲೆಗಳನ್ನು ಹುಲ್ಲಿನಲ್ಲಿ ಸುತ್ತಿ ಇಡುತ್ತಾರಂತೆ.

ಹೀಗೆ ಶುರುವಾಯಿತು. ತಿಂಗಳಿಗೊಂದು ಭಾನುವಾರ, ಊಟವಾದ ಮೇಲೆ, ಜಗಲಿಯಲ್ಲಿ. ಇಬ್ಬರು ಕುಡಿಯುವವರು, ಒಬ್ಬರು ಮೂಸುವವರು. ನನ್ನ ಅಡುಗೆಮನೆಯ ಲೋಟ ಕೊಡುವುದಿಲ್ಲ ಅಂತ ಹಟ ಹಿಡಿದು ನಾನು ಬೇರೆ ಗಾಜಿನ ಲೋಟ ಕೊಂಡುತಂದೆ. ಕೋಡುಬಳೆ ಮಾತ್ರ ನನ್ನದೇ. ಪಾಕ್ ಮೊದಲ ದಿನವೇ ಇವರ ವಯಸ್ಸು ಕೇಳಿದರು. ತನಗಿಂತ ಎರಡು ವರ್ಷ ದೊಡ್ಡವರು ಅಂತ ತಿಳಿದ ಮೇಲೆ ಇವರನ್ನು ಹ್ಯೊಂಗ್‌ನಿಮ್ ಅಂದರು, ಅಂದರೆ ಅಣ್ಣಾವ್ರೇ ಅಂತ. ಆಮೇಲೆ ಲೋಟ ಎತ್ತಿದಾಗಲೆಲ್ಲ ಮುಖವನ್ನು ಪಕ್ಕಕ್ಕೆ ತಿರುಗಿಸಿ, ಅಂಗೈ ಅಡ್ಡ ಹಿಡಿದು ಕುಡಿಯುತ್ತಿದ್ದರು. ಹಿರಿಯರ ಮುಖಕ್ಕೆ ಮುಖ ಕೊಟ್ಟು ಕುಡಿಯಬಾರದಂತೆ.

"ಅಯ್ಯೋ, ನಾನು ಕುಡೀತಿರೋದು ಜೀರಿಗೆ ನೀರು ಕಣ್ರೀ," ಎಂದು ಇವರು ನಗುತ್ತಿದ್ದರು.

"ನೀವು ಏನು ಕುಡೀತೀರಿ ಅನ್ನೋದು ಮುಖ್ಯ ಅಲ್ಲ ಹ್ಯೊಂಗ್‌ನಿಮ್. ನೀವು ಇದ್ದೀರಿ ಅನ್ನೋದು ಮುಖ್ಯ."

ತನ್ನ ಲೋಟಕ್ಕೆ ತಾನೇ ಸುರಿದುಕೊಳ್ಳಬಾರದು ಅನ್ನುವುದು ಮಾತ್ರ ಎರಡೂ ದೇಶದಲ್ಲಿ ಒಂದೇ. ಹಾಗಾಗಿ ಪಾಕ್ ಅವರಿಗೆ ಹರದಾ ಸುರಿಯಲೇಬೇಕಾಯಿತು, ಹರದಾ ಅವರಿಗೆ ಪಾಕ್. ಮೊದಮೊದಲು ಒಬ್ಬರನ್ನೊಬ್ಬರು ನೋಡದೆ ಸುರಿಯುತ್ತಿದ್ದರು. ನಾಲ್ಕೈದು ತಿಂಗಳಲ್ಲಿ ನೋಡತೊಡಗಿದರು. ಇವರ ಜೀರಿಗೆ ನೀರನ್ನು ಇಬ್ಬರೂ ಸರದಿಯ ಮೇಲೆ ಎರಡು ಕೈಯಲ್ಲಿ ಬಗ್ಗಿಸುತ್ತಿದ್ದರು, ತೀರ್ಥ ಕೊಟ್ಟ ಹಾಗೆ.

ಗೇಟಿನ ಮುದಿ ಕಾವಲುಗಾರ ಮ್ಜೀ ಒಟಿಯೆನೊ ಒಂದು ಸಲ ಗಾಳಿಗೆ ಮೂಗೊಡ್ಡಿ ನನ್ನನ್ನು ಕೇಳಿದ: "ಮಾಮಾ," (ಅಮ್ಮಾ ಅನ್ನುವುದಕ್ಕೆ ಇಲ್ಲಿ ಹಾಗನ್ನುತ್ತಾರೆ) "ಇದು ಚಾಂಗಾ ತಾನೇ, ಕಳ್ಳಬಟ್ಟಿ? ನಮ್ಮ ಕಡೆ ಇದನ್ನ ಇಳಿಸಿದ್ರೆ ಪೊಲೀಸರು ಮಡಕೆ ಒಡೀತಾರೆ." ಇವರು ಅವನನ್ನೂ ಕರೆದು ಕೂರಿಸಿ, ಬಟ್ಟಿ ಇಳಿಸುತ್ತಿದ್ದ ಅವನ ಅಜ್ಜಿ, ಮಡಕೆಯ ಮೇಲಿಟ್ಟ ಪಾತ್ರೆಯ ತಣ್ಣೀರನ್ನು ಎಷ್ಟು ಹೊತ್ತಿಗೊಮ್ಮೆ ಬದಲಾಯಿಸುತ್ತಿದ್ದಳು ಅಂತ ವಿಚಾರಿಸಿದರು. ಪ್ರಪಂಚದ ಒಂದೊಂದು ಮೂಲೆಯಲ್ಲಿ ಬೇರೆಬೇರೆ ಜನ ಆವಿಯನ್ನು ಹಿಡಿದು ಇಳಿಸುವುದನ್ನು ಕಲಿತಿದ್ದಾರಲ್ಲ ಅನ್ನುವುದೇ ಅವರಿಗೆ ದೊಡ್ಡ ಬೆರಗು.

ಎರಡಕ್ಕೂ ಇರುವ ವ್ಯತ್ಯಾಸವನ್ನು ನನಗೆ ಅವರು ಅಡುಗೆಮನೆಯ ಲೆಕ್ಕದಲ್ಲಿ ಹೇಳಿಕೊಟ್ಟರು. ಶೋಚು, ಸೋಜು ಎರಡು ಹೆಸರಿಗೂ ಸುಟ್ಟ ಮದ್ಯ ಅಂತಲೇ ಅರ್ಥವಂತೆ. ಇಳಿಸುವುದೂ ಒಂದೇ ಸಲ, ಇಲ್ಲದಿದ್ದರೆ ವಾಸನೆ ಹೋಗಿಬಿಡುತ್ತದೆ. ಬೇರೆಯಾಗುವುದು ಅದಕ್ಕೂ ಮೊದಲು, ಹುದುಗುವಾಗ. ಜಪಾನಿನವರು ಒಂದೇ ಜಾತಿಯ ಬೂಷ್ಟನ್ನು ಆರಿಸಿ, ಬೆಂದ ಅಕ್ಕಿಯ ಮೇಲೆ ಉದುರಿಸಿ, ಮಗುವಿನ ಹಾಗೆ ಬೆಚ್ಚಗಿಟ್ಟು ಬೆಳೆಸುತ್ತಾರೆ. ಕೊರಿಯಾದವರು ಒದ್ದೆ ಗೋಧಿಯ ಬಿಲ್ಲೆ ತಟ್ಟಿ ಇಟ್ಟುಬಿಡುತ್ತಾರೆ. ಗಾಳಿಯಿಂದ, ಹುಲ್ಲಿನಿಂದ, ಆ ಮನೆಯ ಗೋಡೆಯಿಂದ ಏನು ಬರುತ್ತದೋ ಬರಲಿ ಅಂತ. "ಹರದಾದು ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಪಾಕ್‌ದು ನಿನ್ನ ದೋಸೆಹಿಟ್ಟಿನ ಹಾಗೆ. ನೀನು ಅದಕ್ಕೆ ಏನು ಹಾಕ್ತೀಯ? ಏನೂ ಇಲ್ಲ. ಆದ್ರೂ ಹುಳಿ ಬರುತ್ತೆ. ಈ ಮನೆ ಹಿಟ್ಟಿಗೆ ಈ ಮನೆ ಹುಳಿ," ಅಂದರು. ಆಮೇಲೆ, "ಇಷ್ಟು ವರ್ಷ ನಾನು ನೀರಿಗೆ ನೆನಪು ಹೋಗೋ ಹಾಗೆ ಬಟ್ಟಿ ಇಳಿಸಿದೆ. ಅದೇ ಬೆಂಕಿ, ಅದೇ ಆವಿ. ಇವರು ನೆನಪು ಉಳಿಯೋ ಹಾಗೆ ಇಳಿಸ್ತಾರಲ್ಲೇ," ಅಂದರು. ದೇವಸ್ಥಾನದಲ್ಲಿ ಮಾತಾಡುವಷ್ಟು ಮೆಲ್ಲಗೆ ಹೇಳಿದ ಮಾತು ಅದು.

ನೈರೋಬಿಯ ಎತ್ತರದಲ್ಲಿ ನೀರು ನೂರಕ್ಕೆ ಮುಂಚೆಯೇ ಕುದಿಯುತ್ತದೆ, ಅನ್ನ ಕುಕ್ಕರ್ ಇಲ್ಲದೆ ಬೇಯುವುದಿಲ್ಲ ಅಂತ ನಾನು ಬಂದ ದಿನದಿಂದ ಗೊಣಗುತ್ತಿದ್ದೆ. ಜಪಾನಿನಲ್ಲಿ ಕೆಲವರು ಬೇಕೆಂದೇ ಪಾತ್ರೆಯೊಳಗಿನ ಒತ್ತಡ ಇಳಿಸಿ, ಕಡಿಮೆ ಬಿಸಿಯಲ್ಲಿ ಹಗುರವಾದ ಶೋಚು ತೆಗೆಯುತ್ತಾರೆ ಅಂತ ತಿಳಿದ ಮೇಲೆ ಇವರು ನನ್ನ ಗೊಣಗಾಟಕ್ಕೂ ಉತ್ತರ ಕಂಡುಕೊಂಡರು: "ಅವರು ಮೆಷಿನ್ ಇಟ್ಟು ಮಾಡೋದು ನಮಗೆ ಊರೇ ಮಾಡಿಕೊಡುತ್ತೆ, ಸುಮ್ನಿರು."

ಈಗ ನನ್ನ ತಪ್ಪಿಗೆ ಬರುತ್ತೇನೆ. ಇಷ್ಟು ಸುತ್ತಿದ್ದು ಅದನ್ನು ಮುಂದೂಡುವುದಕ್ಕೇ ಅಂತ ನಿಮಗೆ ಗೊತ್ತಾಗಿರಬಹುದು.

ಎರಡನೆಯ ವರ್ಷ ಒಂದು ಭಾನುವಾರ ಪಾಕ್ ಹೊಸ ಜಾಡಿಯೊಂದನ್ನು ತಂದಿದ್ದರು. ಯಾಕೋ ಅವತ್ತು ಮೂವರೂ ಹೆಚ್ಚು ಮಾತಾಡಲಿಲ್ಲ. ಮೂಸಿದರು, ಒಂದೊಂದು ಗುಟುಕು ಕುಡಿದರು, ಜಾಡಿಯನ್ನು ನಮ್ಮ ಜಗಲಿಯ ಕಪಾಟಿನಲ್ಲೇ ಬಿಟ್ಟರು. ಪಕ್ಕದಲ್ಲಿ ಹರದಾ ಅವರ ಅರ್ಧ ಬಾಟಲಿ ಇತ್ತು. ಗುರುವಾರ ನಮ್ಮ ಮನೆಯಲ್ಲಿ ಭಜನೆ. ಕನ್ನಡದ ಹೆಂಗಸರೆಲ್ಲ ಬರುವವರು. ಬುಧವಾರ ಕಪಾಟು ತೆರೆದಾಗ ಎರಡೂ ಕಣ್ಣಿಗೆ ಬಿದ್ದವು. ಯಾರಾದರೂ ನೋಡಿದರೆ? ಸ್ಟೋರಿನಲ್ಲಿ ಇವರು ಇಸ್ತ್ರಿಗೆ ಅಂತ ತಂದಿಟ್ಟ ಡಿಸ್ಟಿಲ್ಡ್ ವಾಟರಿನ ಖಾಲಿ ಬಾಟಲಿಯೊಂದಿತ್ತು. ಎರಡೂ ನೀರಿನ ಬಣ್ಣ. ನಿನ್ನೆಯ ಹಾಲು, ಇವತ್ತಿನ ಹಾಲು ಉಳಿದರೆ ಒಂದೇ ಪಾತ್ರೆಗೆ ಸುರಿಯುತ್ತೇವಲ್ಲ, ಹಾಗೆ ಎರಡನ್ನೂ ಅದಕ್ಕೆ ಸುರಿದು, ಬಿರಡೆ ಒತ್ತಿ, ಜಾಡಿ ತೊಳೆದು ಕವುಚಿ ಹಾಕಿದೆ. ಸೋಪು ಹಾಕಿ ತೊಳೆದೆ. ಭಜನೆ ಚೆನ್ನಾಗಿ ನಡೆಯಿತು. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಮುಂದಿನ ಸಲ ಅವರು ಸೇರಿದಾಗ ನಾನೇ ಬಾಟಲಿ ತಂದಿಟ್ಟು ನಡೆದದ್ದನ್ನು ನಗುತ್ತ ಹೇಳಿದೆ. ಯಾರೂ ನಗಲಿಲ್ಲ. ಇವರು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಅದರಲ್ಲಿ ಕೋಪವಿರಲಿಲ್ಲ, ನನಗಾಗಿ ಭಯ ಇತ್ತು.

"ಎರಡನ್ನೂ ಒಂದಕ್ಕೇ ಹಾಕಿದೆಯಾ?"

"ಹೂಂ ರೀ. ಎರಡೂ ಒಂದೇ ಥರ ಇತ್ತು..."

ಆಮೇಲೆ ಅವರು ಕನ್ನಡದಲ್ಲಿ ಮೆಲ್ಲಗೆ ಹೇಳಿದರು. ಪಾಕ್ ಅವರ ತಾಯಿ ಆ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಜಾಡಿಯಲ್ಲಿದ್ದದ್ದು ಆಕೆ ಕಡೆಯದಾಗಿ ಇಳಿಸಿದ ಸೋಜು. ಇನ್ನು ಅದು ಇಲ್ಲ. ಅಷ್ಟೇ ಆಗಿದ್ದರೆ ಬೇರೆ ಮಾತು. ಜಪಾನಿನವರು ಕೊರಿಯಾವನ್ನು ಆಳುತ್ತಿದ್ದಾಗ ಮನೆಯಲ್ಲಿ ಮದ್ಯ ಇಳಿಸಕೂಡದು ಅಂತ ಕಾನೂನು ಮಾಡಿದ್ದರು. ಪಾಕ್ ಅವರ ಅಜ್ಜಿ ಬಟ್ಟಿಯ ಮಣ್ಣಿನ ಮಡಕೆಯನ್ನು ಬೂದಿಗುಂಡಿಯಲ್ಲಿ ಹೂತು ಉಳಿಸಿಕೊಂಡರು. ಆಮೇಲೆ ಸ್ವಂತ ಸರ್ಕಾರವೂ ಅಕ್ಕಿಯಿಂದ ಮಾಡಬೇಡಿ ಅಂದಾಗ ತಾಯಿ ಕದ್ದುಮುಚ್ಚಿ ಉಳಿಸಿದರು. ಅಷ್ಟು ಕಷ್ಟದಲ್ಲಿ ಉಳಿದು ಬಂದದ್ದನ್ನು ನಾನು, ಭಜನೆಯ ಹೆಂಗಸರಿಗೆ ಹೆದರಿ, ಜಪಾನಿನ ಶೋಚುವಿನ ಜೊತೆ ಕಲೆಸಿಬಿಟ್ಟಿದ್ದೆ.

ಸೆರಗು ಬಾಯಿಗೆ ಒತ್ತಿಕೊಂಡು ನಿಂತೆ. ಹರದಾ ಎದ್ದರು. ಪಾಕ್ ಎದುರು ನಿಂತು ಸೊಂಟದವರೆಗೆ ಬಾಗಿದರು, ಬಾಗಿದವರು ಏಳಲೇ ಇಲ್ಲ. ತಪ್ಪು ನನ್ನದು, ಬಾಗಿದವರು ಅವರು. ಅದು ನನ್ನ ತಪ್ಪಿಗೆ ಮಾತ್ರ ಬಾಗಿದ್ದಲ್ಲ ಅಂತ ನನಗೂ ಅರ್ಥವಾಯಿತು.

ಪಾಕ್ ಅವರು ಹರದಾ ಕಡೆ ನೋಡಲಿಲ್ಲ. ಇವರನ್ನು ಕೇಳಿದರು: "ಹ್ಯೊಂಗ್‌ನಿಮ್, ನೀವು ಈ ಕೆಲಸ ಬಲ್ಲವರು. ಮತ್ತೆ ಬೇರೆ ಮಾಡೋಕೆ ಆಗುತ್ತಾ?"

ಇವರು ಬಾಟಲಿ ಎತ್ತಿಕೊಂಡರು. ಬಿರಡೆ ತೆಗೆದರು. ಲೋಟಕ್ಕೆ ಎರಡು ಬೆರಳಷ್ಟು ಬಗ್ಗಿಸಿ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿದರು. ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿದರು. ಎಷ್ಟು ಹೊತ್ತು ಅಂದರೆ, ಆವಕಾಡೊ ಮರದ ನೆರಳು ಹರದಾ ಅವರ ಬಾಗಿದ ಬೆನ್ನಿನಿಂದ ಸರಿದು ಕುರ್ಚಿಯ ಮೇಲೆ ಬಂತು ಅಂತ ನನಗೆ ಅನ್ನಿಸುತ್ತದೆ. ನನ್ನ ಗಂಡ ಪ್ರಾರ್ಥನೆ ಮಾಡುವುದನ್ನು ನಾನು ನೋಡಿದ್ದರೆ ಅದು ಅವತ್ತು.

"ಬೇರೆ ಮಾಡೋಕೆ ಆಗಲ್ಲ," ಅಂದರು. "ಯಾವ ಬಟ್ಟಿಯಿಂದಲೂ ಆಗಲ್ಲ. ಆದರೆ ಇಬ್ಬರೂ ಇದ್ದಾರೆ. ಮೊದಲು ನಿಮ್ಮ ತಾಯಿ ಬರ್ತಾರೆ. ಸೀದ ಅನ್ನ. ಅವರು ದಾಟಿ ಹೋಗಲಿ, ಅವಸರ ಮಾಡಬೇಡಿ. ಆಮೇಲೆ ಗೆಣಸು. ಗೆಣಸು ಅವರನ್ನ ಮುಚ್ಚಿಲ್ಲ. ಅವರ ಹಿಂದೆ ನಿಂತಿದೆ, ಅಷ್ಟೇ."

ಲೋಟವನ್ನು ಎರಡು ಕೈಯಲ್ಲಿ ಹಿಡಿದು ಪಾಕ್ ಅವರಿಗೆ ಕೊಟ್ಟರು. ಪಾಕ್ ಮೂಸಿದರು. ಕುಡಿಯಲಿಲ್ಲ. ಆದರೂ ಮುಖವನ್ನು ಪಕ್ಕಕ್ಕೆ ತಿರುಗಿಸಿ, ಅಂಗೈ ಅಡ್ಡ ಹಿಡಿದರು, ಹಿರಿಯರ ಎದುರು ಕುಡಿಯುವವರ ಹಾಗೆ. ಭುಜ ಮಾತ್ರ ಅಲುಗುತ್ತಿತ್ತು. ನಾವೆಲ್ಲ ಬೇರೆ ಕಡೆ ನೋಡಿದೆವು. ಸುಮಾರು ಹೊತ್ತಾದ ಮೇಲೆ ಅವರು ತಿರುಗಿ, ಬಾಗಿಯೇ ಇದ್ದ ಹರದಾ ಅವರ ತೋಳು ಮುಟ್ಟಿ ಎಬ್ಬಿಸಿ, ಅವರ ಲೋಟಕ್ಕೆ ಆ ಬಾಟಲಿಯಿಂದಲೇ ಸುರಿದರು. ನನ್ನ ಕಡೆ ತಿರುಗಿ, "ಮ್ಯಾಡಮ್, ಕೋಡುಬಳೆ ಇದೆಯಾ?" ಅಂದರು. ನಾನು ಒಳಗೆ ಓಡಿಹೋಗಿ ಡಬ್ಬಿ ಹಿಡಿದುಕೊಂಡು ಅಳುವಷ್ಟು ಅತ್ತೆ.

ಬಾಟಲಿಯನ್ನು ಅವರು ಮುಗಿಸಲಿಲ್ಲ. ಜಪಾನಿನ ದಕ್ಷಿಣ ತುದಿಯ ದ್ವೀಪಗಳಲ್ಲಿ ಹಳೆಯ ಜಾಡಿಯನ್ನು ಯಾವತ್ತೂ ಖಾಲಿ ಮಾಡುವುದಿಲ್ಲವಂತೆ. ಸ್ವಲ್ಪ ತೆಗೆದರೆ ಅದಕ್ಕಿಂತ ಕಿರಿಯ ಜಾಡಿಯಿಂದ ಅಷ್ಟೇ ತುಂಬುತ್ತಾರೆ, ಹೀಗೆ ತಲೆಮಾರುಗಟ್ಟಲೆ. ಹರದಾ ಅದನ್ನು ಹೇಳಿದ ಮೇಲೆ ವರ್ಷಕ್ಕೊಮ್ಮೆ ತಮ್ಮದನ್ನು ಒಂದು ಲೋಟ ಸೇರಿಸಿದರು. ಪಾಕ್ ಅವರ ಅಕ್ಕ ಅದೇ ಮಡಕೆಯಲ್ಲಿ ಇಳಿಸಲು ಕಲಿತರು, ಅವರದೂ ಒಂದು ಲೋಟ ಸೇರಿತು. ಆಮೇಲೆ ಹರದಾ ಅವರ ಕೆಲಸ ಮುಗಿಯಿತು. ಪಾಕ್ ಬೇರೆ ದೇಶಕ್ಕೆ ಹೋದರು. ಬಾಟಲಿ ಇವರ ಪಾಲಿಗೆ ಉಳಿಯಿತು. ಲೇಬಲ್ ಬದಲಾಯಿಸಿ ಅಂದರೆ, "ಇರಲಿ ಬಿಡು, ನಿನ್ನ ಭಜನೆಯವರು ಮತ್ತೆ ಬಂದ್ರೆ?" ಅಂತ ರೇಗಿಸುತ್ತಿದ್ದರು. ಯಾವಾಗಲಾದರೊಮ್ಮೆ ತೆಗೆದು ಮೂಸುವರು. ನನಗೂ ಒಡ್ಡುವರು. ನಾನು ಒಂದು ಸಲವೂ ಮೂಸಲಿಲ್ಲ. ಮಾಡಿದ ತಪ್ಪಿನ ವಾಸನೆ ನೋಡುವ ಧೈರ್ಯ ಇರಲಿಲ್ಲ.

"ನಿಂದೂ ಒಳ್ಳೇ ಮೂಗೇ ಕಣೇ. ದೋಸೆಹಿಟ್ಟು ಮೂಸಿ ನಾಳೆ ಬೆಳಿಗ್ಗೆ ಆಗುತ್ತೆ ಅಂತೀಯಲ್ಲ, ಅದು ಯಾವ ಮೀಟರಿಗೂ ಬರಲ್ಲ," ಅನ್ನುವರು. ಆಸ್ಪತ್ರೆಯಲ್ಲಿ ಕಡೆಯ ವಾರ ಕಣ್ಣು ತೆರೆಯುವ ಶಕ್ತಿ ಇರಲಿಲ್ಲ. ಸಾರಿನ ಡಬ್ಬಿ ತೆರೆದರೆ, "ಇಂಗು ಜಾಸ್ತಿ," ಅಂದರು. ನನ್ನ ಜೊತೆ ಆಡಿದ ಕಡೆಯ ಮಾತು ಅದೇ. ಬೇರೆಯವರ ಗಂಡಂದಿರು ಏನೇನೋ ದೊಡ್ಡ ಮಾತು ಹೇಳಿ ಹೋಗುತ್ತಾರೆ. ನನ್ನ ಪಾಲಿಗೆ ಬಂದದ್ದು ಇಂಗು.

ಅವರು ಹೋದ ಮೇಲೆ ಮನೆ ಒಪ್ಪ ಮಾಡುವಾಗ ಲೇಬಲ್ ನೋಡಿ ಬಾಟಲಿಯನ್ನು ಉಳಿದ ನೀರಿನ ಬಾಟಲಿಗಳ ಸಾಲಿಗೆ ಸೇರಿಸಿಟ್ಟವಳು ನಾನೇ. ಅದೇ ಬಾಟಲಿ, ಎರಡನೆಯ ಸಲ ಅದೇ ತಪ್ಪು. ಅನು ಮೇಲೆ ಕೂಗಾಡಲು ನನಗೆ ಯಾವ ಹಕ್ಕಿತ್ತು ಹೇಳಿ?

ಇದನ್ನೆಲ್ಲ ಅವಳಿಗೆ ಹೇಳಿ ಮುಗಿಸುವಷ್ಟರಲ್ಲಿ ಇಸ್ತ್ರಿ ಪೆಟ್ಟಿಗೆ ತಣ್ಣಗಾಗಿತ್ತು. ಅವಳು ಹಲಗೆಯ ಮೇಲಿನ ಶರ್ಟು ಎತ್ತಿ ಕೊಟ್ಟಳು. ತಿಳಿನೀಲಿ ಗೀಟಿನದು, ಫ್ಯಾಕ್ಟರಿಗೆ ಹಾಕಿಕೊಂಡು ಹೋಗುತ್ತಿದ್ದದ್ದು. ಹಬೆ ತಾಗಿ ಇನ್ನೂ ತುಸು ಒದ್ದೆಯಿತ್ತು. ಮುಖಕ್ಕೆ ಹಿಡಿದೆ. ಏಳು ತಿಂಗಳಲ್ಲಿ ಅವರ ವಾಸನೆ ಬಟ್ಟೆಯಿಂದ ಹೋಗಿಬಿಟ್ಟಿದೆ ಅಂತ ದಿನವೂ ಕಪಾಟು ತೆಗೆದು ಸಂಕಟಪಟ್ಟವಳು ನಾನು.

ಮೊದಲು ಸೀದ ಅನ್ನ ಬಂತು. ಅವಸರ ಮಾಡಲಿಲ್ಲ. ಅದು ದಾಟಿ ಹೋಗಲಿ ಅಂತ ಕಾದೆ. ಆಮೇಲೆ ಗೆಣಸು. ಅವರು ಹೇಳಿದ್ದು ನಿಜ, ಒಂದನ್ನೊಂದು ಮುಚ್ಚಿರಲಿಲ್ಲ. ಗೆಣಸೂ ದಾಟಿದ ಮೇಲೆ ಇನ್ನೂ ಕಾದೆ. ಏನೋ ಇತ್ತು, ಬಹಳ ಹಿಂದೆ, ಬಹಳ ಸಣ್ಣಗೆ: ಬಿಸಿಲಿನಲ್ಲಿ ಒಣಗಿದ ಹತ್ತಿ, ಬೆವರು, ಜೀರಿಗೆ. ನನ್ನ ಮೂಗು ಸುಳ್ಳು ಹೇಳಿತೋ ಏನೋ. ಅವರಿದ್ದಿದ್ದರೆ ಕೇಳಬಹುದಿತ್ತು.

ಉಳಿದ ಹನ್ನೊಂದು ಶರ್ಟು ಅನು ತೆಗೆದುಕೊಂಡು ಹೋಗಲಿ ಅಂದೆ. ಆ ಕ್ಷಣಕ್ಕೆ ಕಷ್ಟವಾಗಲಿಲ್ಲ. ಅಡುಗೆಮನೆಗೆ ಹೋಗಿ ಸ್ಟೀಲ್ ಲೋಟ ತಂದೆ, ನನ್ನದೇ ಅಡುಗೆಮನೆಯ ಲೋಟ. ಬಾಟಲಿಯನ್ನು ಮಗಳ ಕೈಗೆ ಕೊಟ್ಟು, "ನೀನು ಹಾಕು. ತಾನೇ ಹಾಕಿಕೊಳ್ಳಬಾರದು. ಎರಡು ಕೈಯಲ್ಲಿ," ಅಂದೆ. ಅವಳು ಒಂದು ಹನಿಯಷ್ಟು ಹಾಕಿದಳು.

ಮೂಲೆಯಲ್ಲಿ ಅವರ ಬೆತ್ತದ ಕುರ್ಚಿ ಇದೆ. ಅದರ ಎದುರು ಕೂತಿದ್ದವಳು ಪಕ್ಕಕ್ಕೆ ತಿರುಗಿದೆ. ಅಂಗೈ ಅಡ್ಡ ಹಿಡಿದು ತುಟಿಗೆ ಮುಟ್ಟಿಸಿದೆ. ಖಾರ, ಬೆಂಕಿ. ಕಣ್ಣಲ್ಲಿ ನೀರು ಬಂತು.

"ಅಮ್ಮಾ, ವೈ ಆರ್ ಯು ಫೇಸಿಂಗ್ ದ ವಾಲ್?"

"ಹಿರಿಯರು ಕೂತಿದ್ದಾರೆ ಕಣೇ," ಅಂದೆ.